ಉಂಡವನನ್ನು ಹಳ್ಳ ದಾಟಿಸಿದ್ದು

ನನ್ನ ಗಂಡನ ಮನೆಯಲ್ಲಿ ಸುತ್ತಲಿಗೆಲ್ಲ ಗೊತ್ತಿದ್ದ ಒಂದು ಪದ್ಧತಿಯಿತ್ತು. ಮನೆಯಲ್ಲಿ ಉಂಡ ಅತಿಥಿ ಹೊರಟರೆ ಅವನನ್ನು ಬಾಗಿಲಲ್ಲೇ ಕಳಿಸುವಂತಿಲ್ಲ. ಮನೆಯ ಗಂಡಸೊಬ್ಬ ಊರ ಹೊರಗಿನ ಹಳ್ಳದ ತನಕ ಜೊತೆಗೆ ಹೋಗಿ, ನೀರಿಗಿಳಿದು, ಆಚೆ ದಂಡೆ ಹತ್ತಿಸಿ, ಕೈ ಹಿಡಿದು "ಹೋಗಿ ಬರ್ರಿ" ಅಂದು ತಿರುಗಿ ಬರಬೇಕು. ಈಚೆ ದಂಡೆಯಲ್ಲೇ ನಿಂತು ಕೈಮುಗಿದರೆ, ಇನ್ನು ನಮ್ಮ ನಿಮ್ಮ ಋಣ ತೀರಿತು ಎಂದು ಅರ್ಥ. ನಾನು ಕಲಬುರಗಿಯ ಗಾಜಿಪುರದಲ್ಲಿ ಹುಟ್ಟಿ ಬೆಳೆದವಳು. ನಮ್ಮ ಓಣಿಯಲ್ಲಿ ಬಂದವರನ್ನು ಕಟ್ಟೆ ಇಳಿಸಿದರೆ ಮುಗಿಯಿತು. ಮದುವೆಯಾಗಿ ಬಂದ ಹೊಸತರಲ್ಲಿ ಈ ಹಳ್ಳ ದಾಟಿಸುವ ಮರ್ಯಾದೆ ನನಗೆ ಬಹಳ ಚೆಂದ ಕಂಡಿತ್ತು. ಈಗ ಅದರ ಹೆಸರೆತ್ತಿದರೆ ಮೈ ಉರಿಯುತ್ತದೆ.

ಆ ಹಳ್ಳವೇ ಸೀಮೆ. ಕಲಬುರಗಿಯಿಂದ ಕಮಲಾಪುರದ ತನಕ ಸರ್ಕಾರದ ನೆಲ. ಕಮಲಾಪುರ ಬಿಟ್ಟು ಮುಂದೆ ನಡೆದರೆ ಹಳ್ಳ, ಹಳ್ಳದ ಈಚೆ ನಮ್ಮ ಊರು, ಅದು ಜಹಗೀರದಾರರದು. ಮೇಲೆ ಕೂತು ಆಳುವವರು ಅದೇ ನಿಜಾಮರು. ಆದರೂ ಜಹಗೀರಿಗೆ ಬೇರೆ ಕಚೇರಿ, ಬೇರೆ ಪೊಲೀಸ್ ಅಮೀನ, ಬೇರೆ ಜವಾನರು. ಸರ್ಕಾರದ ಪೊಲೀಸರು ಹಳ್ಳ ದಾಟಿ ಬಂದು ಯಾರ ಮೈಮೇಲೂ ಕೈ ಹಾಕುವಂತಿರಲಿಲ್ಲ. ವಾರಂಟು ಹೈದರಾಬಾದಿಗೆ ಹೋಗಿ, ಅಲ್ಲಿಂದ ಜಹಗೀರಿನ ಕಚೇರಿಗೆ ಬಂದು, ಅವರಿಗೆ ಮರ್ಜಿ ಬಂದರೆ ಅವರ ಅಮೀನನೇ ಹಿಡಿದು ಒಪ್ಪಿಸಬೇಕು. ಇದು ಕಳ್ಳರಿಗೆಲ್ಲ ಬಾಯಿಪಾಠವಾಗಿತ್ತು. ಆಚೆ ಎಮ್ಮೆ ಹೊಡೆದುಕೊಂಡು ಬಂದವನು ಈಚೆ ಅದರ ಹಾಲು ಕರೆದು ಕುಡಿಯುತ್ತ ಕೂತಿರುತ್ತಿದ್ದ.

ನನ್ನ ಅಣ್ಣ ಕಳ್ಳನಲ್ಲ, ಶಾಲೆಯ ಮಾಸ್ತರ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದು ನಮಗೆ ಮಾತ್ರ ಬಾರದೆ ಹೋದ ವರ್ಷ, ಕೋಟೆಯ ಹಿಂದಿನ ಬೇವಿನ ಮರಕ್ಕೆ ಬಾವುಟ ಕಟ್ಟಿದ. ಕಟ್ಟಿ ಓಡಿ ಹೋಗಲಿಲ್ಲ, ಕೆಳಗೆ ನಿಂತು ನೋಡಿದ. ಅವನ ಸ್ವಭಾವವೇ ಹಾಗೆ. ವಾರಂಟು ಹೊರಟಿತೆಂದು ತಿಳಿದ ಮೇಲೆ ಅವ್ವ ಅವನನ್ನು ನನ್ನ ಮನೆಗೆ ಅಟ್ಟಿದಳು. "ತಂಗಿ ಊರು ಜಹಗೀರಿನಾಗ ಅದ, ಅಲ್ಲಿ ನಿನ್ನ ಯಾರೂ ಮುಟ್ಟೂದಿಲ್ಲ" ಅಂದಳಂತೆ. ಆ ಚಳಿಗಾಲವೆಲ್ಲ ಅಣ್ಣ ನಮ್ಮಲ್ಲಿದ್ದ. ಬೆಳಗ್ಗೆ ಹಳ್ಳದ ತನಕ ಹೋಗುತ್ತಿದ್ದ, ಈಚೆ ದಂಡೆಯ ಕಲ್ಲಿನ ಮೇಲೆ ಕೂತು ಬರುತ್ತಿದ್ದ. ನೀರಿಗೆ ಕಾಲಿಡಬೇಡ ಎಂದು ನಾನು ದಿನಾ ಹೇಳುತ್ತಿದ್ದೆ, ಅವನು ದಿನಾ ನಗುತ್ತಿದ್ದ.

ಒಂದು ದಿನ ಮಧ್ಯಾಹ್ನ ಜಮಾದಾರ ಬಂದ. ಗಾಜಿಪುರದಲ್ಲಿ ನಮ್ಮ ಹಿಂದಿನ ಓಣಿಯವನು, ಅಣ್ಣನ ಜೊತೆ ಗಾಳಿಪಟ ಹಾರಿಸಿದವನು, ಹಣೆಗೆ ನಮ್ಮಂತೆಯೇ ವಿಭೂತಿ ಹಚ್ಚುವವನು. ಈಗ ಕಲಬುರಗಿಯಲ್ಲಿ ಸರ್ಕಾರದ ಪೊಲೀಸು. ಆವತ್ತು ವರ್ದಿ ಇರಲಿಲ್ಲ. ಧೋತರ, ಕೋಟು, ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಯ ಚಿಪ್ಪು. ಅಂಗಳದಲ್ಲಿ ನಿಂತು ನಮ್ಮ ಮಾವನವರಿಗೆ ಕೈಮುಗಿದ.

"ನಾ ಪೊಲೀಸ ಆಗಿ ಬಂದಿಲ್ಲರಿ ಯಜಮಾನ್ರ. ಹಳ್ಳದ ಈಕಡಿ ನಂದೇನು ನಡೀತದ? ಗೆಳ್ಯಾ ಇದ್ದಾನ, ನೋಡಿ ಹೋಗ್ಬೇಕಂತ ಬಂದೀನಿ."

ಮಾವನವರು ಹಳೆಯ ಕಾಲದ ಮನುಷ್ಯರು. ಮನೆಗೆ ಬಂದವನು ಯಾರೇ ಇರಲಿ, ಮೊದಲು ಕಾಲಿಗೆ ನೀರು, ಆಮೇಲೆ ಮಾತು. ನಾನು ರೊಟ್ಟಿ ಬಡಿದೆ. ಅಣ್ಣ, ಜಮಾದಾರ ಇಬ್ಬರೂ ಒಟ್ಟಿಗೆ ಕೂತು ಉಂಡರು. ಉಂಡ ಮನೆಯ ಜಂತಿ ಎಣಿಸಬಾರದು ಅನ್ನುತ್ತಾರೆ. ಈ ಭೂಪ ಜಂತಿ, ಬಾಗಿಲು, ಹಿತ್ತಲದ ಹಾದಿ ಎಲ್ಲ ನೋಡುತ್ತ ಉಂಡ. ಶೇಂಗಾ ಹಿಂಡಿ ಎರಡನೇ ಸಲ ಕೇಳಿ ಹಾಕಿಸಿಕೊಂಡ. ವಾರಂಟಿನ ಮಾತನ್ನು ತಾನೇ ತೆಗೆದ. "ಅದು ಹೈದ್ರಾಬಾದಿನಾಗ ಯಾವ ಮೂಲ್ಯಾಗ ಬಿದ್ದದೋ, ನೀ ಬೇಫಿಕರ್ ಇರು" ಅಂದ. ಅಣ್ಣ ಮನಸಾರೆ ನಕ್ಕ. ಎಷ್ಟೋ ದಿನಗಳ ಮೇಲೆ ಅವನಿಗೆ ತನ್ನ ಓಣಿಯ ಮನುಷ್ಯ ಸಿಕ್ಕಿದ್ದ.

ಜಮಾದಾರ ಎದ್ದ. ನನ್ನ ಗಂಡ ಹೊಲದಲ್ಲಿದ್ದರು. ಮಾವನವರಿಗೆ ಮೊಣಕಾಲು ಹಿಡಿದುಕೊಂಡಿತ್ತು. ಮನೆಯಲ್ಲಿದ್ದ ಗಂಡಸು ಅಣ್ಣನೊಬ್ಬನೇ.

"ತಮ್ಮಾ, ನೀನೇ ಹಳ್ಳ ದಾಟಿಸಿ ಬಾ" ಅಂದರು ಮಾವನವರು.

ಮಾವನೆದುರು ಸೊಸೆ ಬಾಯಿ ತೆರೆಯುವಂತಿರಲಿಲ್ಲ. ಬಾಗಿಲ ಮರೆಯಿಂದ ಅತ್ತೆಯ ಕಿವಿಯಲ್ಲಿ ಹೇಳಿದೆ: ಅಣ್ಣ ನೀರು ದಾಟಬಾರದು, ದಾಟಿದರೆ ಅದು ಸರ್ಕಾರದ ನೆಲ. ಅತ್ತೆ ಜಾಣೆ, ತಕ್ಷಣ ಮಾವನವರನ್ನು ಒಳಗೆ ಕರೆದಳು.

"ದಾಟಿಸೋದು ಬ್ಯಾಡ್ರಿ. ಈಕಡಿ ದಂಡಿಮ್ಯಾಲೇ ನಿಂತು ಕಳಿಸ್ಲಿ."

"ಈಕಡಿ ನಿಂತು ಕೈ ಮುಗೀಲಾಕ ಅವ ನಮ್ಮ ವೈರಿ ಏನು?" ಮಾವನವರು ದನಿ ಏರಿಸಿದರು. "ನಮ್ಮ ಮನಿ ಉಪ್ಪು ಉಂಡಾನ. ಉಂಡು ಕೈ ತೊಳಕೊಂಡ ನೀರು ಇನ್ನಾ ಅಂಗಳದಾಗ ಒಣಗಿಲ್ಲ. ಸಾವ್ರಾರು ಮಂದಿ ಉಂಡು ಹೋಗ್ಯಾರ ಈ ಮನ್ಯಾಗ, ಯಾರರೆ ಎರಡು ಬಗದಾರೇನು?"

ಇದು ಎಲ್ಲರಿಗೂ ಕೇಳಿಸಿತು. ಜಮಾದಾರ ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿದ. ಅಣ್ಣ ಒಳಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟ.

"ಹುಚ್ಚಿ, ಅವ ನಮ್ಮವ. ನಾ ಹೋಗದಿದ್ರ ನಿನ್ನ ಮಾವಾರ ಮಾತು ಹೋಗ್ತದ. ಈಗ ಬಂದೆ."

ಮಾವನವರ ಮಾತು ಉಳಿಯಿತು.

ಮೆಣಸಿನಕಾಯಿ ಒಣಹಾಕಿದ್ದ ಮಾಳಿಗೆ ಹತ್ತಿದರೆ ಹಳ್ಳ ಕಾಣುತ್ತಿತ್ತು. ನಾನು ಹತ್ತಿ ನಿಂತೆ. ಇಬ್ಬರೂ ಧೋತರ ಎತ್ತಿ ಕಟ್ಟಿ ನೀರಿಗಿಳಿದರು. ಮೊಣಕಾಲುದ್ದದ ನೀರು. ನಡುವೆ ಅಣ್ಣ ಏನೋ ಹೇಳಿ ನಕ್ಕ. ಆಚೆ ದಂಡೆ ಹತ್ತಿದರು. ಅಣ್ಣ ಪದ್ಧತಿಯ ಪ್ರಕಾರ ಕೈ ಚಾಚಿದ. ಜಮಾದಾರ ಹಿಡಿದ. ಹಿಡಿದ ಕೈ ಬಿಡಲಿಲ್ಲ. ನಿಂತ ಜೋಳದೊಳಗಿಂದ ವರ್ದಿಯ ಇಬ್ಬರು ಎದ್ದು ಬಂದರು. ಅಣ್ಣ ಕೊಸರಾಡಲೂ ಇಲ್ಲ. ತಿರುಗಿ ನಮ್ಮ ಮನೆಯ ಕಡೆ ನೋಡಿದ. ನಾನು ಮಾಳಿಗೆಯ ಮೇಲಿಂದ ಕೂಗಿದ ಕೂಗು ಊರಿಗೆಲ್ಲ ಕೇಳಿತು. ಸೊಸೆ ಗಂಟಲು ತೆಗೆದಳೆಂದು ಅದಕ್ಕೂ ಆಮೇಲೆ ಮಾತು ಬಂತು.

ಮಾವನವರು ಕುಂಟುತ್ತ ಜಹಗೀರಿನ ಅಮೀನನ ಬಳಿಗೆ ಹೋದರು. ಅಮೀನ ವಯಸ್ಸಾದ ಮುಸಲ್ಮಾನರು, ಮರ್ಯಾದಸ್ಥರು. "ಹಳ್ಳದ ಈಕಡಿ ಮುಟ್ಟಿದ್ರ ಅವನ ನಡುವಿನ ಪಟ್ಟಾ ನಾನೇ ಬಿಚ್ಚಿಸ್ತಿದ್ದೆ ಸಾಹುಕಾರ್ರ. ನೀವೇ ಹೋಗಿ ಆಕಡಿ ಬಿಟ್ಟು ಬಂದೀರಿ, ನಾ ಏನು ಮಾಡ್ಲಿ?" ಅಂದರಂತೆ. ಮಾವನವರು ಮನೆಗೆ ಬಂದು ಆ ರಾತ್ರಿ ಉಣ್ಣಲಿಲ್ಲ. ಮರುದಿನ ಉಂಡರು.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿಯಿತು. ಅಣ್ಣ ಜೈಲಿನಿಂದ ಹೊರಗೆ ಬಂದ. ಎದೆಯಲ್ಲಿ ಕೆಮ್ಮು ಕೂತಿತ್ತು, ಪಾಠ ಹೇಳುವ ದನಿ ಹೋಗಿತ್ತು. ಜಮಾದಾರನ ನೌಕರಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಹೊಸ ಸರ್ಕಾರಕ್ಕೂ ಪೊಲೀಸರು ಬೇಕಲ್ಲ. ತಲೆ ಅದೇ, ಟೋಪಿ ಹೊಸದು. ಜಹಗೀರುಗಳು ರದ್ದಾದ ಮೇಲೆ ಯಾರನ್ನೋ ಹುಡುಕುತ್ತ ರಾಜಾರೋಷವಾಗಿ ನಮ್ಮ ಊರಿಗೆ ಬಂದ. "ಈಗ ಈಕಡಿ ಆಕಡಿ ಅಂಬೋದೆಲ್ಲ ಹೋಯ್ತರಿ, ಎಲ್ಲಾ ಒಂದೇ" ಎಂದು ನಮ್ಮ ಕಟ್ಟೆಯೆದುರು ನಿಂತು ನಗುತ್ತ ಹೇಳಿದ. ಕುದಿಯುವ ಎಸರು ತಂದು ಮುಖಕ್ಕೆ ಎರಚಬೇಕೆನ್ನಿಸಿತು ನನಗೆ. ಮಾವನವರು ಮುಖ ತಿರುಗಿಸಿ ಕೂತರು, ಅಷ್ಟೇ.

ಆ ವರ್ಷ ನಾಗರ ಪಂಚಮಿಗೆ ಅಣ್ಣ ನಮ್ಮ ಮನೆಗೆ ಬಂದ. ತಂಗಿಯನ್ನು ತವರಿಗೆ ಕರೆಯಲು ಅಣ್ಣ ಬರಲೇಬೇಕಲ್ಲ. ಆದರೆ ನನಗೆ ದಿನ ತುಂಬುತ್ತಿತ್ತು, ಹೋಗುವಂತಿರಲಿಲ್ಲ. ಅವನು ಅರಳು, ಉಂಡಿ ಕೊಟ್ಟು, ನಾನು ಬಡಿಸಿದ್ದನ್ನು ಉಂಡು ಎದ್ದ. ಮಾವನವರು ಕೋಲು ಹಿಡಿದು ತಾವೇ ಎದ್ದರು. ಯಾರು ಬೇಡವೆಂದರೂ ಕೇಳಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ಹಿಂದೆಯೇ ಹೋದೆ.

ಹಳ್ಳದ ಹತ್ತಿರ ಮಾವನವರು ನೀರಿಗೆ ಕಾಲು ಹಾಕಿದರು. ಅಣ್ಣ ಅವರ ತೋಳು ಹಿಡಿದು ಮೆಲ್ಲಗೆ ಹಿಂದಕ್ಕೆ, ದಂಡೆಗೆ ತಂದ.

"ಇಲ್ಲಿಗೆ ಸಾಕ್ರಿ ಮಾಮಾರ" ಅಂದ. ಈಚೆ ದಂಡೆಯಲ್ಲೇ ನಿಂತು ಕೈಮುಗಿದ.

ಮಾವನವರಿಗೆ ಅರ್ಥವಾಯಿತು. ಕೋಲಿಗೆ ಎರಡೂ ಕೈ ಊರಿ ನಿಂತರು. ನನಗೆ ಅವರ ಮೇಲೆ ಕರುಣೆ ಬರಲಿಲ್ಲ. ಆ ಕೈಮುಗಿತದಿಂದ ನನಗೇ ಏನಾಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಣ್ಣ ಕೆಮ್ಮುತ್ತ ಒಬ್ಬನೇ ನೀರು ದಾಟಿದ, ಜೋಳದ ಬದುವಿನ ಮೇಲೆ ಕಮಲಾಪುರದ ಕಡೆ ನಡೆದ. ನನ್ನ ಕಡೆ ತಿರುಗಿ ನೋಡಲಿಲ್ಲ.

ಮಾವನವರ ಋಣ ಅವನು ತೀರಿಸಿಕೊಂಡ, ಸರಿ. ಆದರೆ ಆ ಮನೆಯಲ್ಲಿ ಇದ್ದವಳು ನಾನು. ಮರುವರ್ಷ ಪಂಚಮಿಗೆ ಮಗುವನ್ನು ಎತ್ತಿಕೊಂಡು ಮಾಳಿಗೆ ಹತ್ತಿದೆ. ಹಳ್ಳದಲ್ಲಿ ಯಾರ್ಯಾರೋ ದಾಟುತ್ತಿದ್ದರು, ಯಾರನ್ನೂ ಯಾರೂ ತಡೆಯುವಂತಿರಲಿಲ್ಲ. ಅಣ್ಣ ಬರಲಿಲ್ಲ. ಅವನು ಬದುಕಿದ್ದಷ್ಟು ವರ್ಷವೂ ಹತ್ತಿದೆ.