ಲಾರಿಯಡಿಯ ಏಳು ಗೆರೆಗಳು

ಸುಧಾಕರ ಅಂಕಲ್, ಆ ತಪ್ಪು ನಿಮ್ಮದಲ್ಲ, ನನ್ನದು. ಅಳೆಯದ ಏಳು ಗೆರೆಗಳನ್ನು ಅಳೆದಂತೆ ತೋರಿಸಿದವನು ನಾನು. ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ — ನನಗೆ ಮಾತ್ರ ಅದು ಮರೆತುಹೋಗಿತ್ತು. ಅಥವಾ ಮರೆಯಲು ಬಿಟ್ಟಿದ್ದೆ.

ಹೊಸ ಟಾರು ಹಾಕುವ ಮುಂಚೆ, ರಸ್ತೆಯಡಿ ಹೂತ ಹಳೆಯ ಟ್ರಾಮ್ ಹಳಿಯ ತುಂಡುಗಳನ್ನು ಹುಡುಕಿ ದಾಖಲಿಸುವುದು ನಮ್ಮಿಬ್ಬರ ಕೆಲಸವಾಗಿತ್ತು. ರಸ್ತೆಗೆ ಅಡ್ಡಲಾಗಿ ಅರ್ಧ ಮೀಟರಿಗೊಂದು ಸೀಮೆಸುಣ್ಣದ ಗೆರೆ. ಒಂದೊಂದರ ಮೇಲೂ ನೆಲದೊಳಗಿನ ಚಿತ್ರ ತೆಗೆಯುವ ರೇಡಾರ್ ಗಾಡಿ ತಳ್ಳುತ್ತಾ ನೀವು ನಂಬರ್ ಕೂಗುತ್ತಿದ್ದಿರಿ. ನಾನು ಆ ನಂಬರಿನ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಉಳಿಸಿಕೊಳ್ಳುತ್ತಿದ್ದೆ. ಅವತ್ತು ಹದಿಮೂರನೆಯ ಗೆರೆಯ ಆಚೆ, ಉಳಿದ ಏಳು ಗೆರೆಗಳ ಮೇಲೆ ಒಂದು ಲಾರಿ ನಿಂತಿತ್ತು.

"ಡ್ರೈವರ್ ಊಟಕ್ಕೆ ಹೋಗಿದ್ದಾನಂತೆ. ನಾಳೆ ಬೆಳಿಗ್ಗೆ ಬಂದು ತಳ್ಳುವ ಮಾರಾಯ. ಲಾರಿ ಅಡಿಗೆ ನುಗ್ಲಿಕ್ಕೆ ನಾನೇನು ಬೆಕ್ಕಾ?" ಅಂದಿರಿ.

ಸರಿ ಅಂದೆ. ಆದರೆ ವರದಿ ಅವತ್ತೇ ಹೋಗಬೇಕಿತ್ತು. ಆಫೀಸಿಗೆ ಬಂದು ಹದಿಮೂರನೆಯ ಗೆರೆಯ ಫೈಲನ್ನೇ ಏಳು ಬಾರಿ ನಕಲು ಮಾಡಿ, ಹೊಸ ನಂಬರ್ ಕೊಟ್ಟು ಕಳಿಸಿದೆ. ಅಲ್ಲಿ ಏನೂ ಇರುವುದಿಲ್ಲ ಎಂದು — ಓದಿದವನ ಧೈರ್ಯ.

ಹಳಿ ಇದ್ದದ್ದು ಅಲ್ಲೇ. ರಸ್ತೆ ಕೆರೆಯುವ ಯಂತ್ರ ಅದನ್ನು ಕಿತ್ತು ಮುರಿದು ಹಾಕಿತು. ಒಂದು ಅಳತೆ, ಒಂದು ಫೋಟೋ ಕೂಡ ಉಳಿಯಲಿಲ್ಲ.

ಮ್ಯಾನೇಜರ್ ಕರೆದು, ಕೊನೆಯ ಏಳೂ ಚಿತ್ರ ಹದಿಮೂರನೆಯದರಂತೆಯೇ ಇವೆಯಲ್ಲ ಎಂದಾಗ ನಾನು ಬಾಯಿ ತೆರೆಯುವ ಮೊದಲೇ ನೀವು ಒಪ್ಪಿಕೊಂಡಿರಿ: ಲಾರಿ ಅಡ್ಡವಿತ್ತು, ಹದಿಮೂರನೆಯ ಗೆರೆಯ ಮೇಲೇ ಮತ್ತೆ ಮತ್ತೆ ತಳ್ಳಿ ಮುಂದಿನ ನಂಬರ್ ಕೂಗಿದೆ, ಹುಡುಗನಿಗೆ ಗೊತ್ತಿಲ್ಲ. ಹೊರಗೆ ಬಂದ ಮೇಲೆ ನನ್ನ ಮುಖ ನೋಡಿ ನಕ್ಕಿರಿ.

"ಈ ದೇಶದಲ್ಲಿ ಖಾಯಂ ಇರ್ಲಿಕ್ಕೆ ನಿಂದು ಪಿಆರ್ ಅಪ್ಲಿಕೇಶನ್ ಹೋಗಿದೆ ಅಲ್ವಾ? ಸುಮ್ನಿರು. ನಂಗೆ ಪಿಆರ್ ಸಿಕ್ಕಿ ಎಷ್ಟೋ ಕಾಲ ಆಯ್ತು, ನನ್ನನ್ನ ಯಾರು ವಿಮಾನ ಹತ್ತಿಸ್ತಾರೆ?"

ವಿಮಾನ ಹತ್ತಿಸಲಿಲ್ಲ. ಜುರಾಂಗ್ ವೆಸ್ಟಿನ ಉಗ್ರಾಣದಲ್ಲಿ ಹೆಲ್ಮೆಟ್ ಹಂಚಲು ಕೂರಿಸಿದರು. ರಸ್ತೆಯ ಮೇಲೆ ನಡೆಯುವುದೆಂದರೆ ನಿಮಗೆ ಎಷ್ಟು ಇಷ್ಟವೆಂದು ಗೊತ್ತಿದ್ದೂ ನಾನು ಸುಮ್ಮನಿದ್ದೆ. ಬರುಬರುತ್ತಾ ನೀವು ಹೇಳಿದ ಸುಳ್ಳೇ ನನ್ನ ನೆನಪಾಯಿತು. ನೀವು ಗಾಡಿ ತಳ್ಳಿದ್ದು, ನಂಬರ್ ಕೂಗಿದ್ದು — ಎಲ್ಲವೂ ಕಣ್ಣಿಗೆ ಕಟ್ಟಿದಂತೆ! ಯಾವುದನ್ನೂ ಸುಲಭಕ್ಕೆ ನಂಬದ ನಾನು ಇದನ್ನು ಒಮ್ಮೆಯೂ ಪ್ರಶ್ನಿಸಲಿಲ್ಲ.

ಹೋದ ವಾರ ಹೊಸಬರಿಗೆ ಕಲಿಸಲು ಆ ಹಳೆಯ ಫೈಲುಗಳನ್ನು ತೆರೆದೆ. ಒಂದೇ ಗೆರೆಯ ಮೇಲೆ ಎರಡು ಸಲ ತಳ್ಳಿದರೂ ಚಿತ್ರ ಸ್ವಲ್ಪವಾದರೂ ಬೇರೆ ಬರುತ್ತದೆ. ಆ ಏಳೂ ಚುಕ್ಕೆಗೆ ಚುಕ್ಕೆ ಒಂದೇ. ನೀವು ತಳ್ಳಿರಲೇ ಇಲ್ಲ...

ಇವತ್ತು ಬೆಳಿಗ್ಗೆ ಅದೇ ಮ್ಯಾನೇಜರಿಗೆ ಎಲ್ಲವನ್ನೂ ಬರೆದು, ಫೈಲುಗಳನ್ನೂ ಕಳಿಸಿದ್ದೇನೆ. ನನಗೆ ಏನಾಗುತ್ತದೋ ಆಗಲಿ.

ಈ ಊರಿನಲ್ಲಿ ನನಗಿರುವ ಮನೆ, ಇಲ್ಲೇ ಹುಟ್ಟಿದ ಮಗಳು — ನೀವು ಅವತ್ತು ಆಡಿದ ಆ ಮಾತಿನಿಂದ ದಕ್ಕಿದವು. ಆದರೂ ನಿಮಗೆ ಒಮ್ಮೆಯೂ ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದ್ದರೆ ತಪ್ಪು ಒಪ್ಪಿಕೊಂಡಂತಾಗುತ್ತಿತ್ತು. ಭಾನುವಾರ ಟೋವಾ ಪಾಯೋಗೆ, ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳಿ ಹೋಗುತ್ತೇನೆ.