ಅಧ್ಯಕ್ಷರ ದನಿ ಏರಿಸಿದ್ದು

ದೆಹಲಿಗೆ ಬಂದು ನಾನು ಮೊದಲು ಕಲಿತ ಪಾಠವೆಂದರೆ, ಇಲ್ಲಿ ಹುದ್ದೆ ಏರಿದಷ್ಟೂ ದನಿ ಇಳಿಯುತ್ತದೆ ಎಂಬುದು. ಗುಮಾಸ್ತ ಕಾರಿಡಾರಿನ ತುದಿಯವರೆಗೂ ಕೇಳಿಸುತ್ತಾನೆ. ಸಾಹೇಬರು ತುಟಿ ಅಲುಗಿಸಿದರೆ ನಾವೇ ಮೇಜಿನ ಮೇಲೆ ಬಾಗಿ ಅರ್ಥಮಾಡಿಕೊಳ್ಳಬೇಕು. ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುತ್ತಿದ್ದ ನಮ್ಮಪ್ಪನ ಕೂಗಿಗೆ ಹೊರಟ ಬಸ್ಸೂ ಒಂದು ಕ್ಷಣ ಅಳುಕುತ್ತಿತ್ತು. ಆ ಗಂಟಲಿನ ವಾರಸುದಾರನಾದ ನಾನು ಪದವಿ ಪಡೆಯಲು ಪಟ್ಟದ್ದಕ್ಕಿಂತ ಹೆಚ್ಚಿನ ಪಾಡನ್ನು ಪಿಸುಗುಟ್ಟಲು ಕಲಿಯುವುದಕ್ಕೆ ಪಟ್ಟಿದ್ದೇನೆ.

ಮನೆತನದ ಮೊದಲ ಪದವೀಧರನಿಗೆ ‘ನನಗೆ ಬರುವುದಿಲ್ಲ’ ಎಂಬ ಮಾತೊಂದು ಬರುವುದಿಲ್ಲ ನೋಡಿ. ಹಾಗಾಗಿ ಇಲ್ಲಿನ ದ್ವಾರಕಾ ಬಡಾವಣೆಯ ನಮ್ಮ ಕನ್ನಡ ಕೂಟದವರು, ರಾಜ್ಯೋತ್ಸವದ ಸಭೆಯಲ್ಲಿ ಕೇಳಿಸಲೆಂದು ಸದಸ್ಯರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ ಶುಭಾಶಯಗಳನ್ನೆಲ್ಲ ಒಂದೇ ಮಟ್ಟದ ದನಿಗೆ ತಂದು ಜೋಡಿಸುವಿರಾ ಎಂದಾಗ ಎದೆಯುಬ್ಬಿಸಿ ಒಪ್ಪಿಕೊಂಡೆ. ಮಾನೇಸರ್ ಕಾರ್ಖಾನೆಯ ಗೆಳೆಯ ಯಂತ್ರಗಳ ಜೊತೆ ಜಗಳವಾಡುವ ಗಂಟಲಲ್ಲೇ ಹಾರೈಸಿದ್ದ. ಹೌಜ್ ಖಾಸ್‌ನ ವಿದ್ಯಾರ್ಥಿನಿ ಹಾಸ್ಟೆಲಿನ ಕಂಬಳಿಯೊಳಗಿಂದ. ಆತನನ್ನು ಇಳಿಸಿದೆ, ಆಕೆಯನ್ನು ಏರಿಸಿದೆ. ಸಮಾನತೆ ಇಷ್ಟು ಸುಲಭವೆಂದು ರಾಜ್ಯಶಾಸ್ತ್ರ ಓದುವಾಗ ತಿಳಿದಿರಲಿಲ್ಲ.

ಉಳಿದವರು ಕೂಟದ ಅಧ್ಯಕ್ಷರು, ನಿವೃತ್ತ ಹಿರಿಯ ಅಧಿಕಾರಿ. ಹುದ್ದೆ ಎಷ್ಟು ಘನವಾಗಿತ್ತೋ ದನಿ ಅಷ್ಟೇ ಕ್ಷೀಣ. ಏರಿಸಿದೆ, ಇನ್ನೂ ಏರಿಸಿದೆ. ಸಣ್ಣ ದನಿಯನ್ನು ಎತ್ತಿದರೆ ಅದರ ಹಿಂದೆ ಅಡಗಿದ್ದದ್ದೂ ಜೊತೆಗೇ ಎದ್ದುಬರುತ್ತದೆಂದು ನನಗೇನು ಗೊತ್ತು? ‘ನಾಡಿನ ಸಮಸ್ತ ಬಾಂಧವರೇ’ ಎಂಬುದರ ಮೇಲೆಯೇ ಅಡುಗೆಮನೆಯಿಂದ ಅವರ ಪತ್ನಿಯ ದನಿ: “ಬಾಂಧವರು ಆಮೇಲೆ ರೀ, ಮೊದ್ಲು ಬೆಂಡೆಕಾಯಿ ಹೆಚ್ಕೊಡಿ. ತರಕಾರಿ ಭಯ್ಯಾ ಬಂದ್ರೆ ಕೊತ್ತಂಬರೀನೂ ತಗೊಳ್ಳಿ!” ಅದಕ್ಕೆ ಅಧ್ಯಕ್ಷರು, ಯಾವ ಮಂತ್ರಿಯೂ ಕಂಡಿರಲಾರದ ವಿಧೇಯತೆಯಿಂದ: “ಹ್ಞೂಂ ಕಣೇ, ಬಂದೆ.”

ಇಬ್ಬರ ಮಾತುಗಳೂ ಹೆಣೆದುಕೊಂಡಿದ್ದವು. ಕತ್ತರಿಸಿದರೆ ಸಮಸ್ತ ಬಾಂಧವರೂ ಹೋಗುತ್ತಿದ್ದರು. ಹಾಗೇ ಬಿಟ್ಟರೆ ಮರುದಿನ ತುಂಬಿದ ಸಭೆಯಲ್ಲಿ ಅಧ್ಯಕ್ಷರ ಮಾನ ಹೋಗುತ್ತಿತ್ತು, ಅದರ ಬೆನ್ನಿಗೇ ನನ್ನ ಪದವಿಯದ್ದೂ. ಧೈರ್ಯ ಮಾಡಿ ಅವರಿಗೇ ಕಳಿಸಿದೆ. ಕೂಡಲೇ ಫೋನು ಬಂತು.

“ಏನ್ರೀ ಇದು! ಇದನ್ನ ಸಭೇಲಿ ಹಾಕಿದ್ರೆ ನನ್ನ ಗತಿ ಏನ್ರೀ? ತೆಗೀರಿ ಮೊದ್ಲು!”

ಫೋನನ್ನು ಕಿವಿಯಿಂದ ಮೊಳ ದೂರ ಹಿಡಿದು ಹೇಳಿದೆ: “ತೆಗೀತೀನಿ ಸರ್. ಇದೇ ಗಂಟಲಲ್ಲಿ ಶುಭಾಶಯ ಇನ್ನೊಂದ್ಸಲ ಹೇಳ್ಬಿಡಿ, ಫೋನಲ್ಲೇ ರೆಕಾರ್ಡ್ ಮಾಡ್ಕೋತೀನಿ, ಏರಿಸೋ ಕೆಲ್ಸಾನೇ ಇರಲ್ಲ.”

ಅತ್ತಲಿಂದ ಪತ್ನಿಯ ದನಿ: “ಚಲೋ, ಹೇಳ್ರೀ, ನಾನು ಬಾಯಿ ಮುಚ್ಕೊಂಡಿರ್ತೀನಿ.”

ಅಧ್ಯಕ್ಷರು ಕೆಮ್ಮಿ, ಯಾರೂ ಬಾಗಿ ಕೇಳಬೇಕಿಲ್ಲದ ದನಿಯಲ್ಲಿ ನಾಡಿನ ಸಮಸ್ತ ಬಾಂಧವರನ್ನು ಕೂಗಿದರು. ಅವರ ಮನೆಯ ಕೆಳಗಿನ ರಸ್ತೆಯಲ್ಲಿ ಯಾವುದೋ ನಾಯಿ ಓಗೊಟ್ಟಿತು. ಅದನ್ನು ಮಾತ್ರ ನಾನು ತೆಗೆಯಲಿಲ್ಲ.