ದೊರೆಗಿಂತ ಮೊದಲು ಮಾತಾಡಿದ ಚಿಕ್ಕಪ್ಪ

ನಮ್ಮ ಮನೆಯಲ್ಲಿ ಈಗ ಟಿವಿ ನೋಡುವುದೆಂದರೆ ಓದುವುದು. ಮಗಳು ಸಿರಿ ಯಾವುದೋ ದೇಶದ ಅರಮನೆಯ ಇಂಗ್ಲಿಷ್ ಧಾರಾವಾಹಿ ಹಾಕುತ್ತಾಳೆ. ಅಲ್ಲಿನ ರಾಣಿಯರು ಮೇಣದಬತ್ತಿಯ ಬೆಳಕಿನಲ್ಲಿ ಕೂತು, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ಮಾತಾಡುತ್ತಾರೆ. ಇಂಗ್ಲಿಷಿನಲ್ಲೇ ಎಂ.ಎ. ಮಾಡಿದವಳು ಎಂದು ಹೇಳಿಕೊಂಡು ತಿರುಗುವ ನನಗೆ ಅದರಲ್ಲಿ ಒಂದಕ್ಷರ ತಿಳಿಯುವುದಿಲ್ಲ. ಹಾಗಾಗಿ ಕೆಳಗೆ ಸಬ್‌ಟೈಟಲ್ ಬರುವ ಹಾಗೆ ಮಾಡಿಸಿಕೊಂಡು, ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿಕೊಂಡು ಓದುತ್ತ ಕೂರುತ್ತೇನೆ. ಹೋದ ತಿಂಗಳು ಒಂದು ಶನಿವಾರ ಸಂಜೆ ಹೀಗೆ ಓದುತ್ತಿದ್ದಾಗ ಒಂದು ತಮಾಷೆ ಗಮನಕ್ಕೆ ಬಂತು. ರಾಣಿ ಬಾಯಿ ತೆರೆಯುವುದಕ್ಕೆ ಮೊದಲೇ ಅವಳ ಮಾತು ಕೆಳಗೆ ಬಂದುಬಿಡುತ್ತಿತ್ತು. ಯಾರನ್ನು ಕೊಂದೆ, ಯಾಕೆ ಕೊಂದೆ ಎಂದೆಲ್ಲ ನಾನು ಓದಿ ಮುಗಿಸಿ ಕಾಯುತ್ತಿದ್ದೇನೆ, ಪುಣ್ಯಾತ್ಗಿತ್ತಿ ಇನ್ನೂ ಉಸಿರು ಎಳೆದುಕೊಳ್ಳುತ್ತಿದ್ದಾಳೆ. ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ನಂಜಪ್ಪ ಚಿಕ್ಕಪ್ಪನ ಮುಖ ನೋಡಿದೆ. ಅವರು ನಗಲಿಲ್ಲ. ಪೇಪರ್ ಮಡಚಿಟ್ಟು, "ನಾ ಸ್ವಲ್ಪ ಬಾಲ್ಕನೀಲಿರ್ತೀನಿ ಕಣಮ್ಮ, ಒಳಗೆ ಸೆಖೆ" ಎಂದು ಎದ್ದುಹೋದರು.

ಚಿಕ್ಕಪ್ಪ ಎಂದರೆ ನಮ್ಮ ತಂದೆಯ ಕೊನೆಯ ತಮ್ಮ. ಪದ್ಮನಾಭನಗರದಲ್ಲಿದ್ದಾರೆ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ರಿಟೈರಾಗಿ ಎಷ್ಟೋ ವರ್ಷವಾಯಿತು. ಪ್ರತಿ ಶನಿವಾರ ಬಸ್ಸು ಹತ್ತಿ ನಮ್ಮ ಜೆ.ಪಿ. ನಗರಕ್ಕೆ ಬಂದು, ಪುಟ್ಟೇನಹಳ್ಳಿ ಕೆರೆಗೆ ಒಂದು ಸುತ್ತು ಹಾಕಿ, ನಮ್ಮಲ್ಲಿ ಊಟ ಮಾಡಿ ಹೋಗುವುದು ಅವರ ರೂಢಿ. ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾರೆ, ವಾರ್ತೆ ನೋಡುತ್ತಾರೆ, ಅಡುಗೆ ಕಾರ್ಯಕ್ರಮ ನೋಡಿ ಉಪ್ಪು ಜಾಸ್ತಿಯಾಯಿತು ಎಂದು ತೀರ್ಪನ್ನೂ ಕೊಡುತ್ತಾರೆ. ಆದರೆ ಪರದೆಯ ಮೇಲೆ ಒಂದು ಕಿರೀಟವೋ ಕತ್ತಿಯೋ ಕಂಡರೆ ಸಾಕು, ಅವರಿಗೆ ಸೆಖೆಯಾಗುತ್ತದೆ. ಮಾಗಿಯ ಚಳಿಯಲ್ಲೂ ಆಗುತ್ತದೆ. ಇದಕ್ಕೆ ಕಾರಣ ಹೇಳಬೇಕಾದರೆ ನಿಮ್ಮನ್ನು ಮೂವತ್ತು ಚಿಲ್ಲರೆ ವರ್ಷ ಹಿಂದಕ್ಕೆ, ಉತ್ತರಹಳ್ಳಿಯ ಒಂದು ಶೆಡ್ಡಿಗೆ ಕರೆದುಕೊಂಡು ಹೋಗಬೇಕು.

ಆಗ ಉತ್ತರಹಳ್ಳಿ ಅರ್ಧ ರಾಗಿ ಹೊಲ, ಅರ್ಧ ಸೈಟು ಕಲ್ಲು. ಆ ಹೊಲಗಳಲ್ಲಿ ಕೆಲವು ಚಿಕ್ಕಪ್ಪನ ಗೆಳೆಯ ಮುನಿರಾಜಣ್ಣನ ಮನೆಯವು. ಒಂದೊಂದೇ ಹೊಲ ಲೇಔಟಾದ ಹಾಗೆ ಮುನಿರಾಜಣ್ಣ ಬಾಡಿಗೆ ಮನೆಗಳ ಯಜಮಾನರಾದರು, ಕೈತುಂಬ ಬಿಡುವೂ ಬಂತು. ದನ ಕಟ್ಟುತ್ತಿದ್ದ ಶೆಡ್ಡನ್ನು ಗುಡಿಸಿ ಸಾರಿಸಿ ನಾಟಕದ ತಂಡ ಕಟ್ಟಿದರು. ಶೆಡ್ಡು ಅವರದು, ಲೈಟು ಅವರದು, ಕಾಫಿ ಅವರದು, ಆದ್ದರಿಂದ ರಾಜನ ಪಾರ್ಟೂ ಅವರದೇ. ಅನ್ಯಾಯವೇನೂ ಇರಲಿಲ್ಲ ಅನ್ನಿ. ಆಳೆತ್ತರದ ಮನುಷ್ಯ, ತುಂಬಿದ ಎದೆ, ಗುಡಿಯ ಗಂಟೆಯ ಹಾಗೆ ಕಂಠ. ಇಲ್ಲದ್ದು ನೆನಪೊಂದೇ. ಅವರ ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಹೆಂಡತಿಯ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎಂದಾಗ ಮದುಮಗನಿಗೆ ಹೆಸರೇ ಮರೆತುಹೋಗಿತ್ತಂತೆ. ಹಿಂದೆ ನಿಂತಿದ್ದ ನಮ್ಮ ಚಿಕ್ಕಪ್ಪ "ಸರೋಜ, ಸರೋಜ" ಎಂದು ಪಿಸುಗುಟ್ಟಿ ಅವರನ್ನು ಒಳಗೆ ಸೇರಿಸಿದರು. ಅವರಿಬ್ಬರ ಸ್ನೇಹದ ಸ್ವರೂಪ ಅವತ್ತೇ ನಿಶ್ಚಯವಾಯಿತು ಎಂದು ಕಾಣುತ್ತದೆ.

ಚಿಕ್ಕಪ್ಪನದು ಇದಕ್ಕೆ ತದ್ವಿರುದ್ಧ. ಒಂದು ನಾಟಕವನ್ನು ಎರಡು ಸಲ ಓದಿದರೆ ರಾಜನಿಂದ ಹಿಡಿದು ಚಾಮರ ಬೀಸುವವಳವರೆಗೆ ಎಲ್ಲರ ಮಾತೂ ಬಾಯಿಗೆ. ಆದರೆ ಬಣ್ಣ ಹಚ್ಚಿ ದೀಪದ ಎದುರಿಗೆ ನಿಲ್ಲಿಸಿದರೆ ಎಲ್ಲ ಮಾಯ. ಒಮ್ಮೆ ಅವರನ್ನು ಸೈನಿಕನನ್ನಾಗಿ ಮಾಡಿದ್ದರು. ಓಡಿ ಬಂದು "ಪ್ರಭು, ಶತ್ರು ಸೈನ್ಯ ಬಾಗಿಲಿಗೆ ಬಂದಿದೆ" ಎನ್ನಬೇಕು, ಅಷ್ಟೇ. ಓಡಿಯೇನೋ ಬಂದರು. ರಾಜ "ಏನು ಸುದ್ದಿ?" ಎಂದು ಗುಡುಗಿದ. ಚಿಕ್ಕಪ್ಪ "ಏನಿಲ್ಲ ಪ್ರಭು" ಎಂದು ಕೈಮುಗಿದು ವಾಪಸ್ಸು ಹೋದರು. ಅವತ್ತು ಯುದ್ಧವೇ ಆಗದೆ ಮುಂದಿನ ಅಂಕಕ್ಕೆ ಹೋಗಬೇಕಾಯಿತು. ಅಲ್ಲಿಂದ ಮುಂದೆ ಅವರ ಜಾಗ ರಂಗದ ಪಕ್ಕದಲ್ಲಿ, ಪರದೆಯ ಮರೆಯಲ್ಲಿ. ಯಾರು ಮಾತು ಮರೆತರೂ ಅಲ್ಲಿಂದಲೇ ಹೇಳಿಕೊಡುವ ಕೆಲಸ. ಅವರು ಇದ್ದಾರೆ ಎಂಬ ಧೈರ್ಯದಲ್ಲಿ ಮುನಿರಾಜಣ್ಣ ಇದ್ದಬದ್ದ ಮಾತನ್ನು ಕಲಿಯುವುದನ್ನೂ ಬಿಟ್ಟರು.

ಹೀಗಿರುವಾಗ ಟಿವಿಯವರು ಬಂದರು. ಹವ್ಯಾಸಿ ತಂಡಗಳ ನಾಟಕಗಳನ್ನು ಚಿತ್ರೀಕರಿಸಿ ಪ್ರಸಾರ ಮಾಡುತ್ತಿದ್ದ ಕಾಲ ಅದು. ನಮ್ಮವರು ಆಡುತ್ತಿದ್ದದ್ದು ಒಬ್ಬ ಮುದಿ ಪಾಳೇಗಾರನ ಕಥೆ. ಕೋಟೆ ಕಳೆದುಕೊಂಡರೂ ಊರಿನ ಕೆರೆಯನ್ನು ಬಿಟ್ಟುಕೊಡದವನು. ಜಯನಗರದ ಒಂದು ಸಭಾಂಗಣದಲ್ಲಿ ಕ್ಯಾಮೆರಾ ಇಟ್ಟರು, ಕಣ್ಣು ಕುಕ್ಕುವ ದೀಪ ಹಾಕಿದರು, ರಂಗದ ಅಂಚಿನಲ್ಲಿ ಮೈಕುಗಳನ್ನು ಜೋಡಿಸಿದರು. ಅದರಲ್ಲಿ ಒಂದು ಮೈಕು ಚಿಕ್ಕಪ್ಪ ನಿಲ್ಲುವ ಜಾಗದಿಂದ ಮೊಳ ದೂರದಲ್ಲಿದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಪಿಸುಮಾತನ್ನು ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ ಹೇಳಿ.

ಪ್ರಸಾರವಾದ ದಿನ ನಾವೆಲ್ಲ ಮುನಿರಾಜಣ್ಣನ ಮನೆಯ ಹಾಲಿನಲ್ಲಿ ಸೇರಿದ್ದೆವು. ಬೀದಿಗೆ ಬೀದಿಯೇ ಅಲ್ಲಿತ್ತು. ಟಿವಿಗೆ ಕುಂಕುಮ ಇಟ್ಟಿದ್ದರು. ಪಾಳೇಗಾರ ಬಿಳಿ ಗಡ್ಡ ಹಚ್ಚಿಕೊಂಡು ಗಂಭೀರವಾಗಿ ಬಂದ. ಅವನು ಬಾಯಿ ತೆರೆಯುವ ಮೊದಲೇ ಟಿವಿಯೊಳಗಿಂದ ಗೊಗ್ಗರು ದನಿಯೊಂದು "ದೂತನೇ, ನಿನ್ನ ಒಡೆಯನಿಗೆ ಹೇಳು" ಎಂದಿತು. ಆಮೇಲೆ ಪಾಳೇಗಾರ, "ದೂತನೇ, ನಿನ್ನ ಒಡೆಯನಿಗೆ ಹೇಳು" ಎಂದು ಘರ್ಜಿಸಿದ. ಹಾಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊಗ್ಗರು ದನಿ "ಈ ಕಡೆ ತಿರ್ಗು" ಎಂದಿತು. ಪಾಳೇಗಾರ ತಿರುಗಿದ. "ಗಡ್ಡ ಮುಟ್ಬೇಡ, ಅಂಟು ಬಿಟ್ಟೈತೆ" ಎಂದಿತು. ಗಡ್ಡದ ಕಡೆಗೆ ಹೊರಟಿದ್ದ ಕೈ ದಾರಿ ಬದಲಿಸಿ ಸೊಂಟಕ್ಕೆ ಹೋಯಿತು. ಆಮೇಲೆ ನಗು ತಡೆಯುವವರು ಯಾರು? ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಮುನಿರಾಜಣ್ಣ ಎದ್ದು, ನೀರು ಕುಡಿದು ಬರುತ್ತೇನೆ ಎಂದು ಅಡುಗೆಮನೆಗೆ ಹೋದರು. ಚಿಕ್ಕಪ್ಪ ಯಾರದೋ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಿಬಿಟ್ಟರು.

ಮರುದಿನದಿಂದ ತರಕಾರಿ ಗಾಡಿಯವನಿಂದ ಹಿಡಿದು ಆಟೋದವರ ತನಕ ಎಲ್ಲರ ಬಾಯಲ್ಲೂ ಗಡ್ಡ ಮುಟ್ಬೇಡ. ಅದಾದ ಮೇಲೆ ಆ ತಂಡ ಇನ್ನೊಂದು ನಾಟಕ ಆಡಲಿಲ್ಲ. ಸ್ನೇಹಿತರೇನೂ ಮಾತು ಬಿಡಲಿಲ್ಲ. ಮದುವೆ ಮುಂಜಿ, ಸಾವು ನೋವು ಎಲ್ಲದಕ್ಕೂ ಒಬ್ಬರ ಮನೆಗೆ ಒಬ್ಬರು ಹೋದರು. ನಾಟಕದ ಸುದ್ದಿಯನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. "ಜೀವನದಲ್ಲಿ ಒಂದ್ಸಲ ಟಿವೀಲಿ ಬಂದ ಅವ್ನು. ಅದನ್ನೂ ನಾನೇ ತಿಂದಾಕ್ದೆ" ಎಂದು ಚಿಕ್ಕಪ್ಪ ಒಮ್ಮೆ ಚಿಕ್ಕಮ್ಮನ ಹತ್ತಿರ ಅಂದಿದ್ದರಂತೆ. ಸೆಖೆಯ ಮೂಲ ಇದು.

ಆ ಶನಿವಾರಕ್ಕೆ ಬರೋಣ. ಧಾರಾವಾಹಿ ಮುಗಿಯಿತು. ಸಿರಿ ಜಾಹೀರಾತುಗಳಿಗೆ ಧ್ವನಿ ಎಡಿಟ್ ಮಾಡುವ ಕೆಲಸದಲ್ಲಿದ್ದಾಳೆ. ಎದುರು ಮನೆ ಆಂಟಿ ತಮ್ಮ ದೇವರನಾಮವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಮಧ್ಯೆ ಅವರದೇ ಕುಕ್ಕರ್ ಮೂರು ಸಲ ಕೂಗಿತ್ತು. ಸಿರಿ ಅದನ್ನು ತೆಗೆದು ನನಗೆ ಕೇಳಿಸುತ್ತಿದ್ದಳು. ಬಾಲ್ಕನಿಯಿಂದ ಚಿಕ್ಕಪ್ಪ ಒಳಗೆ ಬಂದರು.

"ಅದೆಂಗಮ್ಮ ಹೋಯ್ತು ಆ ವಿಸಿಲ್ಲು?"

"ಬೇಡದ ಸೌಂಡ್ ಯಾವ್ದು ಅಂತ ತೋರಿಸ್ಬಿಟ್ರೆ ಸಾಕು ತಾತ, ಅದನ್ನಷ್ಟೇ ತೆಗೆಯುತ್ತೆ."

"ಮನುಷ್ಯರನ್ನೂ ತೆಗೆಯುತ್ತಾ?"

ಸಿರಿ ನಕ್ಕಳು. ಚಿಕ್ಕಪ್ಪ ನಗಲಿಲ್ಲ. ಮುನಿರಾಜಣ್ಣನಿಗೆ ಎಂಬತ್ತು ತುಂಬುತ್ತಿತ್ತು. ಬನಶಂಕರಿಯ ಒಂದು ಛತ್ರದಲ್ಲಿ ಮಕ್ಕಳು ಸಮಾರಂಭ ಇಟ್ಟುಕೊಂಡಿದ್ದರು. ಹಳೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಸಿದ್ದಾರೆ, ಊಟವಾದ ಮೇಲೆ ದೊಡ್ಡ ಪರದೆಯಲ್ಲಿ ಆ ನಾಟಕ ತೋರಿಸುತ್ತಾರೆ ಎಂದು ಚಿಕ್ಕಪ್ಪನಿಗೆ ಗೊತ್ತಾಗಿತ್ತು. "ಅದ್ರಿಂದ ನನ್ನ ತೆಗೆದ್ಬಿಡಮ್ಮ" ಎಂದರು ಸಿರಿಗೆ. "ಪೂರ್ತಿ ತೆಗಿ. ಅವನ ನಾಟಕ ಅವನಿಗೆ ವಾಪಸ್ ಕೊಟ್ಬಿಡ್ತೀನಿ. ಇನ್ನೊಂದ್ಸಲ ಅಷ್ಟು ಜನದ ಮುಂದೆ ಅವನಿಗೆ ಅದಾಗ್ಬಾರ್ದು." ಇಷ್ಟು ವರ್ಷ ಅವರ ಸೆಖೆಯನ್ನು ನಾವು ಗೇಲಿ ಮಾಡಿಕೊಂಡೇ ಬಂದಿದ್ದೆವು.

ಮುನಿರಾಜಣ್ಣನ ಮಗಳಿಗೆ ಫೋನ್ ಮಾಡಿ, ಸೌಂಡು ಸ್ವಲ್ಪ ಕ್ಲೀನ್ ಮಾಡಿಕೊಡುತ್ತೇವೆ ಎಂದಷ್ಟೇ ಹೇಳಿ ಫೈಲು ತರಿಸಿಕೊಂಡೆವು. ಸಿರಿ ಒಂದು ವಾರ ಕೂತು ಚಿಕ್ಕಪ್ಪನನ್ನು ತೆಗೆದಳು. "ಅಮ್ಮ, ಅಲ್ಲಲ್ಲಿ ತುಂಬಾ ಖಾಲಿ ಅನ್ಸುತ್ತೆ" ಎಂದಳು. ರಂಗಭೂಮಿಯನ್ನು ಅರೆದು ಕುಡಿದವಳ ಹಾಗೆ ನಾನು, "ನಾಟಕದಲ್ಲಿ ಮೌನಕ್ಕೂ ಒಂದು ಅರ್ಥ ಇರುತ್ತೆ ಕಣೆ" ಎಂದೆ.

ಹೋದ ಭಾನುವಾರ ಛತ್ರಕ್ಕೆ ಹೋದೆವು. ಹೋಳಿಗೆ ಊಟ. ಮುನಿರಾಜಣ್ಣ ರೇಷ್ಮೆ ಪಂಚೆ ಉಟ್ಟು, ಹಾರ ಹಾಕಿಸಿಕೊಂಡು ಮುಂದಿನ ಸಾಲಿನ ದೊಡ್ಡ ಕುರ್ಚಿಯಲ್ಲಿ ಕೂತಿದ್ದರು. ನಾನೂ ಚಿಕ್ಕಪ್ಪನೂ ಹಿಂದಿನ ಸಾಲಿನಲ್ಲಿದ್ದೆವು. ಸಿರಿ ಲ್ಯಾಪ್‌ಟಾಪಿನ ಹತ್ತಿರ. ನಾಟಕ ಶುರುವಾಯಿತು. ಪಾಳೇಗಾರ ಬಂದ, ಘರ್ಜಿಸಿದ, ತಿರುಗಿದ, ಯಾರೂ ಹೇಳಿಕೊಡದೆಯೇ ಗಡ್ಡದ ಕಡೆಯಿಂದ ಕೈ ತೆಗೆದ. ಒಬ್ಬರೂ ನಗಲಿಲ್ಲ. ಚಿಕ್ಕಪ್ಪ ಕುರ್ಚಿಗೆ ಒರಗಿ ಕಾಲು ಚಾಚಿಕೊಂಡರು. ಅವರು ಹಾಗೆ ಕೂತು ರಾಜರ ಕಥೆ ನೋಡಿದ್ದನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ.

ದೂತ ಎರಡನೆಯ ಸಲ ಬಂದು, ಕೋಟೆಯನ್ನು ಒಪ್ಪಿಸುತ್ತೀಯೋ ಇಲ್ಲವೋ ಎಂದು ಕೇಳುವ ದೃಶ್ಯ ಬಂತು. ಪಾಳೇಗಾರ ಉತ್ತರ ಕೊಡಬೇಕು. ಕೊಡಲಿಲ್ಲ. ಎಡಗಡೆಗೆ ಕಣ್ಣು ಹೊರಳಿಸಿ ಸುಮ್ಮನೆ ನಿಂತ. ಅಂದು ಮುನಿರಾಜಣ್ಣ ಇಲ್ಲಿ ಪೂರಾ ಮರೆತಿದ್ದರು. ಚಿಕ್ಕಪ್ಪ ಮತ್ತೆ ಮತ್ತೆ ಹೇಳಿಕೊಟ್ಟಿದ್ದರು. ಈಗ ಹೇಳಿಕೊಡುವವರೇ ಇಲ್ಲ. ದೂತ ಕತ್ತು ಕೆರೆದುಕೊಂಡ. ಹಾಲಿನಲ್ಲಿ ಗುಸುಗುಸು ಎದ್ದಿತು. "ಹ್ಯಾಂಗ್ ಆಯ್ತಾ ಗುರು?" ಎಂದ ಒಬ್ಬ. ಮುಂದಿನ ಸಾಲಿನಲ್ಲಿ ಮುನಿರಾಜಣ್ಣನ ತಲೆ ಸ್ವಲ್ಪ ಸ್ವಲ್ಪವೇ ತಗ್ಗುತ್ತಿತ್ತು. ಮೌನಕ್ಕೆ ಅರ್ಥ ಇದೆ ಎಂದ ನನ್ನ ನಾಲಿಗೆಗೆ ಬರೆ ಎಳೆಯಬೇಕು ಅನ್ನಿಸಿತು. ಚಿಕ್ಕಪ್ಪ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಆಮೇಲೆ ಆ ಗೊಗ್ಗರು ದನಿ, ಊಟದ ಹಾಲಿನ ತನಕ ಕೇಳಿಸುವ ಆ ಪಿಸುಮಾತು, ನನ್ನ ಕಿವಿಯ ಪಕ್ಕದಲ್ಲೇ ಎದ್ದಿತು.

"ಕೋಟೆಯ ಕಲ್ಲು ನಿಮ್ಮದಾಗಲಿ..."

ಪರದೆಯ ಮೇಲಿನ ಪಾಳೇಗಾರ ಸರಕ್ಕನೆ ತಲೆ ಎತ್ತಿದ. "ಕೋಟೆಯ ಕಲ್ಲು ನಿಮ್ಮದಾಗಲಿ, ಕೆರೆಯ ನೀರು ನಮ್ಮದು" ಎಂದು ಗುಡುಗಿದ.

ಒಂದು ಕ್ಷಣ ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ಛತ್ರವೇ ಬಿದ್ದುಹೋಗುವಂತೆ ನಗು, ಚಪ್ಪಾಳೆ. ಚಿಕ್ಕಪ್ಪ ಎದ್ದು ಹೋಗಲು ಚಪ್ಪಲಿ ಹುಡುಕುತ್ತಿದ್ದರು. ಮುನಿರಾಜಣ್ಣ ಹಾರವನ್ನು ಕೈಯಲ್ಲಿ ಹಿಡಿದುಕೊಂಡು ಹಿಂದೆ ತಿರುಗಿದರು.

"ಲೋ ನಂಜ, ಟೇಪಲ್ಲಿ ನಿನ್ ಸೌಂಡ್ ಯಾರೋ ತೆಗ್ದಿದ್ದು?"

"ನಾನೇ ತೆಗೆಸ್ದೆ ಕಣೋ."

"ಯಾರನ್ ಕೇಳಿ ತೆಗೆಸ್ದೆ? ಪ್ರತಿ ವರ್ಷ ಹುಟ್ಟಿದಬ್ಬಕ್ಕೆ ಅದನ್ನ ಹಾಕ್ಕೊಂಡು ನೋಡ್ತೀನಿ ನಾನು. ನಿನ್ ಮಾತು ಬರ್ದಿದ್ರೆ ನನ್ ಮಾತು ನಂಗೇ ಗೊತ್ತಾಗಲ್ಲ."

"ನನ್ನಿಂದಾನೇ ಅಲ್ವೇನೋ ನೀನು ನಾಟಕ ಬಿಟ್ಟಿದ್ದು?"

ಮುನಿರಾಜಣ್ಣ ಬಾಯಿ ತೆರೆದುಕೊಂಡು ನೋಡಿದರು. "ನಿನ್ನಿಂದ ಯಾಕೋ ಬಿಡ್ಲಿ? ಶೆಡ್ ಕೆಡವಿ ಬಿಲ್ಡಿಂಗ್ ಎತ್ತಿದ್ವಲ್ಲ, ಪ್ರಾಕ್ಟೀಸ್‌ಗೆ ಜಾಗ ಎಲ್ಲಿತ್ತು? ಬಾ, ಇಲ್ ಬಂದ್ ಕೂತ್ಕೊ. ಇನ್ನೂ ಅರ್ಧ ನಾಟಕ ಐತೆ."

ಮೂವತ್ತು ಚಿಲ್ಲರೆ ವರ್ಷದ ಸೆಖೆ ಹೀಗೆ ಇಳಿಯಿತು. ಚಿಕ್ಕಪ್ಪನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದರು. ಅಲ್ಲಿಂದ ಮುಂದೆ ಅವರದೇ ದರ್ಬಾರು. ಖಾಲಿ ಬಂದಲ್ಲೆಲ್ಲ ಅವರು ಹೇಳಿಕೊಟ್ಟರು, ಪಾಳೇಗಾರ ಪರದೆಯ ಮೇಲೆ ಚಾಚೂ ತಪ್ಪದೆ ಪಾಲಿಸಿದ. ಜನ ರೆಪ್ಪೆ ಬಡಿಯದೆ ನೋಡಿದರು. ಕುಕ್ಕರಿನ ಆಂಟಿಗೆ ಇದನ್ನೆಲ್ಲ ಹೇಗೆ ವರ್ಣಿಸಲಿ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಕೊನೆಯ ದೃಶ್ಯ ಬಂತು. ಗಾಯಗೊಂಡ ಪಾಳೇಗಾರ ಕೆರೆಯ ಏರಿಯ ಮೇಲೆ ಕತ್ತಿ ಊರಿ ನಿಂತಿದ್ದಾನೆ. ಹೇಳಬೇಕಾದ್ದನ್ನೆಲ್ಲ ಹೇಳಿಯಾಗಿದೆ. ಇನ್ನು ಬೀಳಬೇಕು. ಯಾವಾಗ ಬೀಳಬೇಕು ಎಂಬುದೂ ಮುನಿರಾಜಣ್ಣನಿಗೆ ನೆನಪಿರುತ್ತಿರಲಿಲ್ಲವಾದ್ದರಿಂದ ಅಂದು ಚಿಕ್ಕಪ್ಪ ಪರದೆಯ ಮರೆಯಿಂದ "ಸಾಕು, ಸಾಯಿ" ಎಂದು ಹೇಳಿದ್ದರು. ಈಗ ಅದೇ ಜಾಗ. ಪಾಳೇಗಾರ ತೂರಾಡುತ್ತ ಎಡಗಡೆಗೆ ನೋಡಿದ. ಚಿಕ್ಕಪ್ಪ ಬಾಯಿ ತೆರೆದರು. ಪಕ್ಕದಲ್ಲಿ ಹಾರ ಹಾಕಿಕೊಂಡು ಕೂತಿದ್ದ ಎಂಬತ್ತರ ಗೆಳೆಯನನ್ನು ನೋಡಿದರು. ಬಾಯಿ ಮುಚ್ಚಿಕೊಂಡರು.

"ಹೇಳೋ ನಂಜ" ಎಂದರು ಮುನಿರಾಜಣ್ಣ. "ಕಾಲು ನಡುಗ್ತೈತೆ ನಂಗೆ ಅಲ್ಲಿ."

"ನಾ ಹೇಳಲ್ಲ ಹೋಗು" ಎಂದವರೇ ಸಿರಿಯ ಕಡೆ ತಿರುಗಿ, "ನಿಲ್ಸಮ್ಮ ಅದನ್ನ, ಸಾಕು" ಎಂದರು. ಸಿರಿ ನಿಲ್ಲಿಸಿದಳು. ಪಾಳೇಗಾರ ಏರಿಯ ಮೇಲೆ ಕತ್ತಿ ಊರಿಕೊಂಡು ನಿಂತ. ಅಷ್ಟರಲ್ಲಿ ಕಾಫಿ ಬಂತು. ಇಬ್ಬರು ಮುದುಕರೂ ಸಕ್ಕರೆ ಇಲ್ಲದ ಕಾಫಿಗೆ ಬೈಯುತ್ತ ಕುಡಿದರು.

ನಿನ್ನೆ ಶನಿವಾರ ಚಿಕ್ಕಪ್ಪ ಎಂದಿನಂತೆ ಬಂದರು. ಸಿರಿ ಲ್ಯಾಪ್‌ಟಾಪ್ ತೆರೆದು, "ತಾತ, ಕೊನೇದು ಸ್ವಲ್ಪ ಉಳ್ಕೊಂಡಿದೆ, ನೋಡ್ತೀರಾ?" ಎಂದಳು.

"ಉಳ್ಕೊಂಡಿರ್ಲಿ ಬಿಡಮ್ಮ" ಎಂದರು ಚಿಕ್ಕಪ್ಪ. "ನಿಂತಿದಾನಲ್ಲ, ನಿಂತಿರ್ಲಿ."